ಅವ್ವನ ಹೆಸರಿನ ಇನ್‌ಬಾಕ್ಸ್

"ಈಗರೆ ನಿದ್ದಿ ಹತ್ತಾಕತ್ತೈತೇನ್ರಿ?"

ಪ್ರಿಂಟರ್ ಉಗುಳುತ್ತಿದ್ದ ಹಾಳೆಯನ್ನು ಕೈಗೆ ತೆಗೆದುಕೊಳ್ಳುತ್ತಾ ಅವನು ಮೆಲ್ಲಗೆ ಕೇಳಿದ. ಕೇಳಿದ ಮರುಕ್ಷಣವೇ ತುಟಿ ಕಚ್ಚಿಕೊಂಡ.

ಅಂಜನಾ ನಿಂತಲ್ಲೇ ಕಲ್ಲಾದಳು.

ಇಳಕಲ್ ಬಸ್ ನಿಲ್ದಾಣದ ಎದುರಿನ ಆ ಪುಟ್ಟ ಕಂಪ್ಯೂಟರ್ ಅಂಗಡಿಗೆ ಅವಳು ಬಂದಿದ್ದು ಪ್ರಮಾಣಪತ್ರದ ಪ್ರತಿ ತೆಗೆಸಲು. ಅಂಗಡಿಯ ವಿಜಯಮಹಾಂತೇಶನ ಜೊತೆ ಅವಳ ಮಾತು ಈವರೆಗೆ 'ಎರಡು ಕಾಪಿ ಕೊಡ್ರಿ' ಎನ್ನುವುದನ್ನು ದಾಟಿರಲಿಲ್ಲ. ಮುಖ ನೋಡಿ ಮಾತಾಡಿದ್ದೂ ಇಲ್ಲ. ಅಂಥವನು ನಿದ್ದೆಯ ಮಾತು ಎತ್ತುವುದೆಂದರೆ!

ನಿದ್ದೆ ಬಾರದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೆಲಸ ಮಾಡುವ ದವಾಖಾನೆಯ ಲ್ಯಾಬಿನಲ್ಲಿ ಹೇಳಿರಲಿಲ್ಲ. ಬಾಡಿಗೆ ಕೋಣೆ ಕೊಟ್ಟ ಶಾರವ್ವನಿಗೂ ಹೇಳಿರಲಿಲ್ಲ.

ಹೇಳಿದ್ದು ಅವ್ವನಿಗೆ ಮಾತ್ರ.

ಅವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಅವ್ವನಿಗೆ, ಅಂದರೆ ಮರೋಳದ ಸಾವಂತ್ರವ್ವನಿಗೆ, ಓದು ಬರಹ ಗೊತ್ತಿರಲಿಲ್ಲ. ಕುರಿ ಕಾಯುವುದು ಗೊತ್ತಿತ್ತು, ಕುರಿಗಾರರ ದೇವರು ಬೀರಪ್ಪನ ಹಾಡು ಬರುತ್ತಿತ್ತು. ಆದರೂ ಆಕೆಗೊಂದು ಇಮೇಲ್ ಇತ್ತು! ನಮ್ಮ ಕಡೆ ಇದೇನೂ ಹೊಸ ಸುದ್ದಿಯಲ್ಲ. ಪಿಂಚಣಿಯ ಆನ್‌ಲೈನ್ ಅರ್ಜಿ ಇಮೇಲ್ ಕೇಳುತ್ತದೆ, ಅಂಗಡಿಯವನು ನಿಂತ ನಿಲುವಿನಲ್ಲೇ ಒಂದು ಮಾಡಿಕೊಡುತ್ತಾನೆ. ಫೋನ್ ನಂಬರ್ ಅವನದೇ, ಪಾಸ್‌ವರ್ಡೂ ಅವನದೇ. ಅರ್ಜಿ ಮುಗಿದ ಮೇಲೆ ಆ ಇಮೇಲ್ ಡಬ್ಬಿ ಯಾರಿಗೂ ನೆನಪಿರುವುದಿಲ್ಲ. ಹುನಗುಂದ ಸೀಮೆಯ ಎಷ್ಟು ಮುದುಕಿಯರ ಹೆಸರಿನಲ್ಲಿ ಇಂಥ ಡಬ್ಬಿಗಳು ಬಿದ್ದಿವೆಯೋ, ಆ ಬೀರಪ್ಪನೇ ಬಲ್ಲ.

ಅವ್ವ ಹೋದ ಮೇಲೆ ಹಳೆಯ ಅರ್ಜಿಯ ಮೇಲೆ ಆ ವಿಳಾಸ ಅಂಜನಾಳ ಕಣ್ಣಿಗೆ ಬಿದ್ದಿತ್ತು. ಅವತ್ತು ಸಂಜೆ ಸುಮ್ಮನೆ ಫೋನ್ ತೆಗೆದು ಬರೆದಳು. 'ಅವ್ವಾ, ಕ್ವಾಣಿ ಬಿಕೋ ಅಂತೈತಿ...'

ಆಮೇಲೆ ಬಿಡಲಾಗಲಿಲ್ಲ. ಕೂಡಿಬಂದಿದ್ದ ಸಂಬಂಧ ಮುರಿದು ಹೋದದ್ದು, ಹಾಸಿಗೆಯ ಮೇಲೆ ಸುಮ್ಮನೆ ಹೊರಳಾಡುವುದು, ಹಬ್ಬದ ದಿನ ಒಬ್ಬಳೇ ಕೂತು ಉಂಡದ್ದು... ಎಲ್ಲ ಬರೆದಳು. ತೆರೆಯುವವರು ಯಾರೂ ಇಲ್ಲ ಎಂಬ ಧೈರ್ಯದಿಂದಲೇ ಬರೆದಳು.

ಅವ್ವನ ಡಬ್ಬಿ ಮಾಡಿಕೊಟ್ಟದ್ದು ಇದೇ ಅಂಗಡಿ. ಅದರ ಕೀಲಿ ಯಾರ ಕೈಯಲ್ಲಿದೆ ಎನ್ನುವುದು ಅವಳಿಗೆ ಹೊಳೆದದ್ದು ಈಗ!

"ನೀವು... ಓದ್ತೀರಿ," ಎಂದಳು.

"ಇಲ್ರಿ, ಹಂಗಲ್ರಿ..."

"ಅವ್ವಗ ನಾ ಬರದದ್ದು ನೀವು ಓದ್ತೀರಿ! ನಾಚಿಕಿ ಆಗಂಗಿಲ್ಲೇನ್ರಿ ನಿಮಗ?"

'ಈ ಊರಾಗ ನನ್ನದು ಅಂತ ಇದ್ದದ್ದು ಅದೊಂದ ಜಾಗ... ಅದೂ ಹೋತೇನು ಶಿವನೇ?'

ವಿಜಯಮಹಾಂತೇಶ ವಾದಕ್ಕೆ ನಿಲ್ಲಲಿಲ್ಲ. ಕಂಪ್ಯೂಟರ್‌ನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

"ನೀವ ನೋಡ್ರಿ. ಅರ್ಜಿ ಕೆಲಸಕ್ಕ ತಗದಿದ್ದೆ, ಹಂಗ ಉಳದಿತ್ತು. ತಗದ ಓದಿದ್ರ ಅಕ್ಷರ ತೆಳ್ಳಗ ಆಗ್ತಾವು. ಒಂದರೆ ತೆಳ್ಳಗ ಆಗೇತೇನು ನೋಡ್ರಿ."

ಅಂಜನಾ ನೋಡಿದಳು. ಸಾಲು ಸಾಲಾಗಿ ಅವಳದೇ ಹೆಸರು, ಪಕ್ಕದಲ್ಲಿ 'ಅವ್ವಾ' ಎಂಬ ಒಂದೇ ಮಾತು. ಎಲ್ಲವೂ ದಪ್ಪ, ಕಪ್ಪು. ಒಂದನ್ನೂ ಯಾರೂ ತೆರೆದಿರಲಿಲ್ಲ.

ಆ ಸಾಲುಗಳ ತಲೆಯ ಮೇಲೆ, ಪತ್ರದಂತೆಯೇ ವೇಷ ಹಾಕಿಕೊಂಡು ಜಾಹೀರಾತುಗಳು ಕೂತಿದ್ದವು. 'ರಾತ್ರಿ ನಿದ್ರೆ ಬರುತ್ತಿಲ್ಲವೇ?' 'ಒಬ್ಬರಿಗೇ ಸಾಕಾಗುವ ಪುಟ್ಟ ಕುಕ್ಕರ್!' 'ಮಾತಾಡಲು ಯಾರೂ ಇಲ್ಲವೇ? ನಾವಿದ್ದೇವೆ.'

"ಇವು... ಇವಕ್ಕ ಹೆಂಗ ಗೊತ್ತಾತು?"

"ಪುಕ್ಕಟ ಡಬ್ಬಿ ಕೊಟ್ಟ ಕಂಪನಿದು ಮಷೀನ ಇರತೈತ್ರಿ. ಅದು ಒಳಗಿನ ಮಾತ ಹೆಕ್ಕಿ, ತಕ್ಕ ಮಾಲ ತಂದ ಇಡತೈತಿ. ಮನಷ್ಯಾರು ಯಾರೂ ಓದಿಲ್ರಿ."

ಮನುಷ್ಯರು ಯಾರೂ ಓದಿಲ್ಲ.

ಸಮಾಧಾನವಾಗಬೇಕಿತ್ತು. ಆದರೆ ಅಂಜನಾಳಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಎದೆ ಬಗೆದು ಬರೆದದ್ದನ್ನು ಒಂದು ಜೀವವೂ ಓದಿರಲಿಲ್ಲ! ಓದಿದ್ದು ಕುಕ್ಕರ್ ಮಾರುವ ಮಷೀನು.

ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಪತ್ರಾ ಓದ್ಲಿಲ್ಲ, ಖರೆ. ಆದ್ರ ಈ ಜಾಹೀರಾತ ಓದೀರಿ."

ಅವನು ತಲೆ ತಗ್ಗಿಸಿದ. "ಓದೀನ್ರಿ."

"ದಿನಾ?"

"...ದಿನಾ."

"ಬಾಗಲಾ ತಗದು ಒಳಗ ಬರ್ಲಿಲ್ಲ ನೀವು. ಕಿಡಕ್ಯಾಗ ನಿಂತ ಹಣಿಕಿ ಹಾಕಿದ್ರಿ. ಎರಡಕ್ಕೂ ಏನ್ರಿ ಫರಕು?"

"ಫರಕಿಲ್ರಿ," ಎಂದ ಅವನು. "ಮೊದಲನೇ ದಿನಾನ ಮುಚ್ಚಬೇಕಿತ್ತು. ನನ್ನ ತಪ್ಪು."

"ಮತ್ತ ಯಾಕ ಮುಚ್ಚಲಿಲ್ಲ?"

ಅವನು ಕುರ್ಚಿಯಿಂದ ಎದ್ದು ಅವಳನ್ನು ಅಲ್ಲಿ ಕೂರಿಸಿದ. ತನ್ನ ನಂಬರ್ ಅಳಿಸಿ ಅವಳ ನಂಬರ್ ಹಾಕಿದ. ಹೊಸ ಪಾಸ್‌ವರ್ಡ್ ಹಾಕಿಕೊಳ್ಳುವಂತೆ ಹೇಳಿ, ಬೀದಿಯ ಕಡೆ ಮುಖ ಮಾಡಿ ನಿಂತುಬಿಟ್ಟ. ಎಲ್ಲ ಕಡೆಯಿಂದಲೂ ಲಾಗ್ ಔಟ್ ಆಯಿತು.

"ಇನ್ನ ಕೀಲಿ ನಿಮ್ಮ ಕೈಯಾಗ ಐತ್ರಿ. ಅದರಾಗ ನಾ ಎಲ್ಲೂ ಇಲ್ಲ."

ಅಂಜನಾ ಎದ್ದು ಹೊರಟಳು. ಪ್ರಮಾಣಪತ್ರದ ಪ್ರತಿ ಅಲ್ಲೇ ಉಳಿಯಿತು.

ಆಮೇಲಿನ ದಿನಗಳು ಬಲು ಉದ್ದವಾದವು.

ಕೀಲಿ ಕೈಗೆ ಬಂದಿತ್ತು, ಆದರೆ ಬರೆಯುವ ಕೈ ನಿಂತುಹೋಗಿತ್ತು. 'ಅವ್ವಾ' ಎಂದು ಬರೆಯುತ್ತಾಳೆ... ಮುಂದಿನ ಮಾತನ್ನು ಯಾವ ಮಷೀನು ಹೆಕ್ಕುತ್ತದೋ ಎಂದು ಅಳಿಸುತ್ತಾಳೆ. 'ತಲೆನೋವು' ಎಂದು ಬರೆದರೆ ಮುಲಾಮು ಬರುತ್ತದೆ, 'ಬ್ಯಾಸರ' ಎಂದರೆ ಪ್ರವಾಸದ ಪ್ಯಾಕೇಜು ಬರುತ್ತದೆ. ದುಃಖ ಹೇಳಿಕೊಳ್ಳಲು ಹೋದರೆ ಸಂತೆ ನೆರೆಯುತ್ತದೆ!

ಲ್ಯಾಬಿನಲ್ಲಿ ದಿನವಿಡೀ ಜನರ ತೋಳು ಹಿಡಿದು ರಕ್ತ ತೆಗೆಯುತ್ತಾಳೆ. 'ಮುಟಿಗಿ ಬಿಗಿ ಹಿಡೀರಿ', 'ಈಗ ಬಿಡ್ರಿ'. ಅವಳು ಆಡುವುದು ಅಷ್ಟೇ. ಸಂಜೆ ಕೋಣೆಗೆ ಬಂದರೆ ಅಷ್ಟೂ ಇಲ್ಲ.

'ಅಂವಾ ಕೇಳಿದ್ದ... ಬಾಯಿಬಿಟ್ಟು ಕೇಳಿದ್ದ,' ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಕೂಡಲೇ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಜಾಹೀರಾತೂ ಅದೇ ಪ್ರಶ್ನೆ ಕೇಳುತ್ತದೆ. ಆದರೆ ಜಾಹೀರಾತು ಉತ್ತರಕ್ಕೆ ಕಾಯುವುದಿಲ್ಲ. ಅವನು ಕೇಳಿದಾಗ ಕಾಯುತ್ತ ನಿಂತಿದ್ದ. ಆ ಮುಖ ಎಷ್ಟು ಓಡಿಸಿದರೂ ಕಣ್ಣಮುಂದಿನಿಂದ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವ್ವನ ಇನ್‌ಬಾಕ್ಸ್ ತೆರೆದಳು. ತಲೆಯ ಮೇಲೆ ಹೊಸ ಜಾಹೀರಾತು, ಸುತ್ತ ಗುಲಾಬಿ ಹೂವಿನ ಚಿತ್ರ.

'ಸಾವಂತ್ರವ್ವ ಅವರೇ, ಇನ್ನೆಷ್ಟು ದಿನ ಒಂಟಿಯಾಗಿರುವಿರಿ? ಬಾದಾಮಿ, ಬಾಗಲಕೋಟೆ ಭಾಗದ ಸುಂದರ ವರರು ನಿಮಗಾಗಿ ಕಾಯುತ್ತಿದ್ದಾರೆ!'

ಅಂಜನಾ ಎರಡನೇ ಸಲ ಓದಿದಳು.

ಅವ್ವನಿಗೆ ವರ! ತಲೆಯ ಮೇಲಿನ ಸೆರಗು ಸರಿಯಲು ಬಿಡದಿದ್ದ, ಕಂಡಕ್ಟರ್ 'ಅಕ್ಕಾ' ಎಂದರೂ ಮುಖ ತಿರುಗಿಸುತ್ತಿದ್ದ ಅವ್ವನಿಗೆ!

ನಗು ಉಕ್ಕಿ ಬಂತು. ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಹೋದ ಮೇಲೆ ಅವಳು ಹೀಗೆ ನಕ್ಕಿದ್ದು ಇದೇ ಮೊದಲು.

ಹೊರಗಿನಿಂದ ಶಾರವ್ವ ಕೂಗಿದಳು. "ಯಾಕವಾ, ನಗಾಕತ್ತೀ? ಯಾರ್ ಬಂದಾರ ಒಳಗ?"

"ಯಾರೂ ಇಲ್ಲ ಬೇ..."

ಯಾರೂ ಇಲ್ಲ. ಹೇಳಿದ ಮೇಲೆ ಆ ಮಾತು ತಿರುಗಿ ಅವಳಿಗೇ ಚುಚ್ಚಿತು. ನಗು ಅಲ್ಲಿಗೇ ನಿಂತಿತು. ಅಳುವಾದರೂ ಒಬ್ಬಳೇ ಅಳಬಹುದು. ಒಬ್ಬಳೇ ನಗುವುದು ಅದಕ್ಕಿಂತ ಕಷ್ಟವೆಂದು ಅವಳಿಗೆ ಅಂದು ತಿಳಿಯಿತು.

ಶಾರವ್ವನಿಗೆ ಹೇಳಿದರೆ ಮೊದಲು ಇಮೇಲ್ ಎಂದರೇನು ಎಂದು ಹೇಳಬೇಕು. ಲ್ಯಾಬಿನವರಿಗೆ ಹೇಳಿದರೆ ಸತ್ತವಳಿಗೆ ಯಾಕೆ ಬರೆದೆ ಎಂದು ಕೇಳುತ್ತಾರೆ. ಏನನ್ನೂ ಬಿಡಿಸಿ ಹೇಳದೆಯೇ ಇದಕ್ಕೆ ನಗಬಲ್ಲವನು ಇಡೀ ಜಗತ್ತಿನಲ್ಲಿ ಒಬ್ಬನೇ ಇದ್ದ.

ಅಂಜನಾ ಚಪ್ಪಲಿ ಮೆಟ್ಟಿದಳು.

ಅಂಗಡಿಯಲ್ಲಿ ಹುಲ್ಲಪ್ಪ ಎಂಬ ಮುದುಕರೊಬ್ಬರು ಅರ್ಜಿ ಹಿಡಿದು ಕೂತಿದ್ದರು.

"ನಿನ್ನ ನಂಬರ ಹಾಕಪಾ, ಏನಾಗ್ತೈತಿ?"

"ಬ್ಯಾಡ ಕಾಕಾ. ಮನ್ಯಾಗ ಯಾರದರೆ ಕೇಳಕೊಂಡ ಬರ್ರಿ. ನಂದ ಯಾರಿಗೂ ಹಾಕಂಗಿಲ್ಲ ಇನ್ನ."

ಗೊಣಗುತ್ತಾ ಮುದುಕರು ಹೊರಟರು. ಬಾಗಿಲಲ್ಲಿ ಅಂಜನಾಳನ್ನು ಕಂಡ ವಿಜಯಮಹಾಂತೇಶ ತಟ್ಟನೆ ಎದ್ದು ನಿಂತ.

"ನಿಮ್ಮ ಕಾಪಿ ಇಲ್ಲೇ ಅದಾವ್ರಿ... ಎತ್ತಿಟ್ಟೀನಿ."

ಅವಳು ಅದಕ್ಕೆ ಕೈ ಚಾಚಲಿಲ್ಲ. ಫೋನನ್ನು ಅವನ ಮುಂದೆ ಹಿಡಿದಳು.

"ನೀವ ನೋಡಂದ್ರ ಅಷ್ಟ ನೋಡ್ತೇನ್ರಿ," ಎಂದ ಅವನು, ಕಣ್ಣು ಬೇರೆ ಕಡೆ ಇಟ್ಟುಕೊಂಡು.

"ನೋಡ್ರಿ. ನಾನ ತೋರಸಾಕತ್ತೀನಿ."

ಅವನು ಓದಿದ. ತುಟಿ ಬಿಗಿಹಿಡಿದ. ಕೆನ್ನೆ ಉಬ್ಬಿದವು.

"ನಗ್ರಿ, ಪರವಾಗಿಲ್ಲ," ಎಂದಳು ಅಂಜನಾ.

"ಅವ್ವಾರು... ಪಿಂಚಣಿ ಅರ್ಜಿಗಿ ಫೋಟೋ ತಗಿಯಾಕ ಮುಖಾ ಎತ್ತಲಿಲ್ರಿ. 'ಪರಗಂಡಸು ನೋಡ್ತೈತಿ' ಅಂತ ಕ್ಯಾಮೆರಾಕ್ಕ ಬೈದಿದ್ರು!"

ಇಬ್ಬರೂ ಒಟ್ಟಿಗೆ ನಕ್ಕರು. ನಗುತ್ತಲೇ ಅಂಜನಾಳ ಕಣ್ಣು ತುಂಬಿದವು. ಅವ್ವನನ್ನು ಕಂಡಿದ್ದ, ಅವ್ವನ ಬೈಗುಳ ನೆನಪಿಟ್ಟಿದ್ದ ಇನ್ನೊಂದು ಜೀವ ಈ ಊರಲ್ಲೇ ಇತ್ತು!

"ಅವತ್ತ ನೀವು ಉತ್ತರಾ ಕೊಡ್ಲಿಲ್ಲ," ಎಂದಳು. "ಯಾಕ ಮುಚ್ಚಲಿಲ್ಲ?"

ಅವನು ಪ್ರಿಂಟರ್ ಕಡೆ ಕೈ ತೋರಿಸಿದ.

"ನನ್ನ ಡಬ್ಬಿಗಿ ಯಾವ ಜಾಹೀರಾತ ಬರ್ತಾವು ಗೊತ್ತೇನ್ರಿ? ಪ್ರಿಂಟರ್ ಶಾಯಿ. ಹೊತ್ತ ಮೂಡಿದ್ರ ಶಾಯಿ, ಹೊತ್ತ ಮುಳಗಿದ್ರ ಶಾಯಿ. ನನ್ನ ಬಾಳೇವು ಅಷ್ಟ ಅಂತ ಮಷೀನಕ್ಕೂ ಗೊತ್ತಾಗಿಬಿಟ್ಟೈತಿ. ನಿಮ್ಮವು ಕಂಡಾಗ... ಇದ ಊರಾಗ ನನ್ನಂಗ ಇನ್ನೊಂದ ಜೀವ ಐತಿ ಅನಸ್ತು. ಮುಚ್ಚಾಕ ಕೈ ಏಳಲಿಲ್ರಿ."

ಅಂಜನಾ ಫೋನನ್ನು ಕೆಳಗಿಟ್ಟಳು.

"ಆಮ್ಯಾಲ ನಿಮ್ಮ ಮ್ಯಾಲ ಮನಸಾತು. ಹೇಳಾಕ ಬಾಯಿ ಬರ್ಲಿಲ್ಲ, ನಿದ್ದಿ ಸುದ್ದಿ ಕೇಳಿದೆ. ಕದ್ದ ನೋಡಿದವಗ ಇದನ್ನ ಹೇಳೂ ಹಕ್ಕಿಲ್ಲ. ಆದ್ರ ಖರೆ ಇದ ಐತಿ."

ಹೊರಗೆ ಅಮೀನಗಡದ ಬಸ್ಸು ಹಾರ್ನ್ ಹಾಕುತ್ತ ಹೊರಟಿತು. ಅಂಜನಾ ಅದು ದೂರವಾಗುವವರೆಗೂ ಕಾದಳು. 'ಈಗ ತಿರುಗಿ ಹೋದರ ಮತ್ತ ಆ ಕ್ವಾಣಿ...'

"ಆ ಪತ್ರಾ ನಿಮಗ ಓದಾಕ ಕೊಡಂಗಿಲ್ಲ. ಅವು ಅವ್ವನವು," ಎಂದಳು.

"ಬ್ಯಾಡ್ರಿ. ಕೊಡಬ್ಯಾಡ್ರಿ."

"ಇವತ್ತಿಂದು ಇನ್ನೂ ಬರದಿಲ್ಲ." ಅವಳ ದನಿ ಸಣ್ಣಗಾಯಿತು. "ಬರಿಯಂಗೂ ಇಲ್ಲ. ಹೇಳ್ತೇನಿ... ಕೇಳ್ತೀರೇನು?"

ಅವನು ಕಂಪ್ಯೂಟರ್ ಆರಿಸಿದ. ಸ್ಟೂಲ್ ಒರೆಸಿ ಅವಳ ಮುಂದೆ ಇಟ್ಟು, ತಾನೂ ಕೂತ.

"ಹೇಳ್ರಿ."

ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಇಷ್ಟೆಲ್ಲ ಬರೆದವಳಿಗೆ ಎದುರಿಗೊಂದು ಮುಖ ಕೂತಾಗ ಮಾತೇ ಹೊರಡಲಿಲ್ಲ.

"ಮುಂಜಾನಿ ಜ್ವಾಳದ ಭಕ್ರಿ ಹೊತ್ತಿತ್ರಿ," ಎಂದಳು ಕೊನೆಗೆ.

"ಪೂರಾ ಹೊತ್ತಿತ್ತೋ, ಒಂದ ಕಡೆ ಅಷ್ಟೋ?"

ಅಂಜನಾ ಅವನನ್ನೇ ನೋಡಿದಳು. ಅವನು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ. ವರ್ಷದಿಂದ ಬರೆದ ಯಾವ ಮಾತಿಗೂ ಹೀಗೊಂದು ಮರುಪ್ರಶ್ನೆ ಬಂದಿರಲಿಲ್ಲ.

"ಒಂದ ಕಡೆ ಅಷ್ಟ," ಎಂದಳು, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾ.

"ಮತ್ತ ಉಂಡ್ರೋ, ಹಂಗ ಬಂದ್ರೋ?"

"ಹಂಗ ಬಂದೀನಿ. ಒಬ್ಬಾಕಿನ ಉಣ್ಣಾಕ ಮನಸಾಗ್ಲಿಲ್ಲ."

"ನಾನೂ ಉಂಡಿಲ್ರಿ," ಎಂದ ವಿಜಯಮಹಾಂತೇಶ.

"ಕಟಗೊಂಡ ಬರ್ಲೇನು? ಹೊತ್ತಿದ್ದನ್ನ ತಿನ್ನಬೇಕ ಮತ್ತ!"

"ತರ್ರಿ. ದಾರಿ ನೋಡ್ತೇನಿ."