ಒಂದು ಮುತ್ತು ಬಾಕಿ

“ನಾನು ಹತ್ತಲ್ಲ.”

ಸೊಲೆನ್ ಸೂಟ್‌ಕೇಸಿನ ಮೇಲೆ ಕುಳಿತುಬಿಟ್ಟಳು. ಪ್ಯಾರಿಸ್‌ಗೆ ಹೋಗುವ ಕೆಂಪು ರೈಲು ಬ್ರಸೆಲ್ಸ್ ಪ್ಲಾಟ್‌ಫಾರ್ಮಿಗೆ ಬಂದು ಬಾಗಿಲು ತೆರೆದಿತ್ತು. ಬೇಗ ಹತ್ತಿಕೊಳ್ಳಿ ಎಂದು ಸ್ಪೀಕರಿನಲ್ಲಿ ಮೂರು ಭಾಷೆಗಳಲ್ಲಿ ಹೇಳಿದರು. ಸೊಲೆನ್ ಮೂರಕ್ಕೂ ಜಗ್ಗಲಿಲ್ಲ.

“ಹತ್ತದಿದ್ರೆ ಬಿಡು. ನಾನೇ ಹೋಗಿ ನಿಮ್ಮಪ್ಪನಿಗೆ ಬಿಸ್ಕತ್ತು ಕೊಟ್ಟು ಬರ್ತೀನಿ,” ಎಂದಳು ಅಜ್ಜಿ. “ಆದ್ರೆ ಆ ಸೂಟ್‌ಕೇಸು ನಂದು. ಏಳು ಮೇಲೆ.”

ಸೊಲೆನ್ ಏಳಲೇಬೇಕಾಯಿತು. ಎದ್ದವಳನ್ನು ಅಜ್ಜಿ ಹಾಗೇ ರೈಲಿಗೆ ಹತ್ತಿಸಿಬಿಟ್ಟಳು.

ಅಪ್ಪ ಅಮ್ಮ ಬೇರೆಯಾದ ಮೇಲೆ ಅಪ್ಪ ಪ್ಯಾರಿಸ್‌ನಲ್ಲಿ ಮನೆ ಮಾಡಿದ್ದ. ಆ ಮನೆಯಲ್ಲಿ ಅಪ್ಪನ ಹೊಸ ಸಂಗಾತಿ ವೆರೊನಿಕ್ ಇದ್ದಳು, ಅವಳ ಮಗಳು ಅಪೊಲಿನ್ ಇದ್ದಳು. ಅಪೊಲಿನ್‌ಗೂ ಸೊಲೆನ್‌ಳದೇ ವಯಸ್ಸು. ಹೋದ ತಿಂಗಳು ಸೊಲೆನ್ ಒಂದು ಶನಿವಾರ, ಭಾನುವಾರ ಅಲ್ಲಿದ್ದು ಬಂದಿದ್ದಳು. ಈ ಸಲ ರಜೆ ಪೂರ್ತಿ ಇರಬೇಕು. ಮಲಗುವುದೂ ಅಪೊಲಿನ್‌ಳ ರೂಮಿನಲ್ಲೇ.

ಆದರೆ ಅಪೊಲಿನ್ ಹೋದ ಸಲ ಅವಳ ಜೊತೆ ಮಾತೇ ಆಡಿರಲಿಲ್ಲ.

ಶುರುವಾದದ್ದೇನೋ ಚೆನ್ನಾಗಿಯೇ. ಸ್ಟೇಷನ್ನಿನಲ್ಲಿ ಸೊಲೆನ್, ಸಿಕ್ಕಾಗ ಎಲ್ಲರಿಗೂ ಮಾಡುವ ಹಾಗೆ, ಅವಳ ಕೆನ್ನೆಗೆ ಕೆನ್ನೆ ತಾಗಿಸಿ, ಒಂದು ಮುತ್ತು ಕೊಟ್ಟು, ಅಪ್ಪನ ಕಡೆ ಓಡಿದ್ದಳು. ತಿರುಗಿ ನೋಡಿದರೆ ಅಪೊಲಿನ್‌ಳ ಮುಖ ಕೆಂಪಗಾಗಿತ್ತು. ಆಮೇಲೆ ಅವಳು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತ್ತು. “ನಾನಂದ್ರೆ ಅವಳಿಗೆ ಆಗಲ್ಲ ಕಣೇ. ಎಲ್ರ ಎದುರಿಗೇ ಮುಖ ತಿರುಗಿಸ್ಕೊಂಡು ಹೋದ್ಲು.”

ಮುಖ ತಿರುಗಿಸಿಕೊಂಡೆನಾ? ಯಾವಾಗ? ಸೊಲೆನ್ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಇದನ್ನೆಲ್ಲ ಅಮ್ಮನಿಗೆ ಹೇಳಿದರೆ ಅಮ್ಮ ಅಪ್ಪನಿಗೆ ಫೋನ್ ಮಾಡುತ್ತಾಳೆ, ಇಬ್ಬರಿಗೂ ಜಗಳವಾಗುತ್ತದೆ. ಅದಕ್ಕೇ ಅಜ್ಜಿಗೂ ಪೂರ್ತಿ ಹೇಳದೆ, ಅಪೊಲಿನ್‌ಗೆ ನಾನು ಬೇಡ ಎಂದಷ್ಟೇ ಹೇಳಿದ್ದಳು.

ಊರು ದಾಟಿದ್ದೇ ರೈಲು ಓಟ ಕಿತ್ತಿತು. ಹತ್ತಿರದ ಕಂಬಗಳು ಕಣ್ಣಿಗೆ ಸಿಗದಾದವು. ದೂರದ ಹಸುಗಳು ಮಾತ್ರ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಇಷ್ಟು ಜೋರಾಗಿ ಯಾಕೆ ಓಡಬೇಕು ಇದು ಎಂದು ಸೊಲೆನ್‌ಗೆ ಸಿಟ್ಟು ಬಂತು.

ಅಜ್ಜಿ ಪ್ಯಾರಿಸ್‌ನಲ್ಲಿ ಹಳೆಯ ಗೆಳತಿಯನ್ನು ನೋಡಿಕೊಂಡು ಸಂಜೆಯೇ ಮರಳುವವಳಿದ್ದಳು. “ಸರಿಹೋಗ್ಲಿಲ್ಲ ಅಂದ್ರೆ ಹೇಳು, ಸಂಜೆ ನನ್ ಜೊತೆ ವಾಪಸ್ ಬಂದ್ಬಿಡು,” ಎಂದಳು. ಸೊಲೆನ್ ಮನಸ್ಸಿನಲ್ಲೇ ಆಗಲೇ ವಾಪಸ್ ಹೊರಟಿದ್ದಳು.

ಅಷ್ಟರಲ್ಲಿ, ಕಾಫಿ ಲೋಟ ಹಿಡಿದು ಬರುತ್ತಿದ್ದ ಗಡ್ಡದವನೊಬ್ಬ ಪಕ್ಕದ ಸಾಲಿನ ಹೆಂಗಸನ್ನು ನೋಡಿ ನಿಂತ. ಹಳೇ ಪರಿಚಯವಿರಬೇಕು. ಬಗ್ಗಿ ಒಂದು ಮುತ್ತು ಕೊಟ್ಟು ನೆಟ್ಟಗಾದ. ಆಕೆಯ ಇನ್ನೊಂದು ಕೆನ್ನೆ ಚಾಚಿದಂತೆಯೇ ಉಳಿಯಿತು.

“ಇಷ್ಟು ವರ್ಷ ಆದ್ರೂ ನಿಂಗೆ ಬುದ್ಧಿ ಬರ್ಲಿಲ್ವಲ್ಲ,” ಎಂದಳು ಆಕೆ. “ಪ್ಯಾರಿಸ್‌ನವರಿಗೆ ಎರಡು.”

“ರೈಲು ಇನ್ನೂ ನಮ್ ದೇಶದಲ್ಲೇ ಇದೆ ಅಂದ್ಕೊಂಡೆ,” ಎಂದ ಅವನು.

ಆಗಲೇ ಅಜ್ಜಿಯ ಫೋನ್ ಟಿಂಗ್ ಎಂದಿತು. ಫ್ರಾನ್ಸಿಗೆ ಸ್ವಾಗತ ಎಂಬ ಮೆಸೇಜು. ಗಡ್ಡದವನು ನಗುತ್ತಾ ಮತ್ತೆ ಬಗ್ಗಿ ಇನ್ನೊಂದನ್ನೂ ಕೊಟ್ಟ.

ಸೊಲೆನ್ ಬಾಯಿ ತೆರೆದು ನೋಡುತ್ತಿದ್ದಳು. “ಅಜ್ಜಿ, ಅವರಲ್ಲಿ ಎರಡಾ?”

“ಹೂಂ. ಪ್ಯಾರಿಸ್‌ನವರಿಗೆ ಎಲ್ಲದ್ರಲ್ಲೂ ಒಂದು ಜಾಸ್ತಿನೇ ಬೇಕು.”

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ನೀನೆಲ್ಲಿ ಕೇಳ್ದೆ?”

ಆಮೇಲೆ ಸೊಲೆನ್ ಹಸುಗಳನ್ನು ನೋಡಲಿಲ್ಲ. ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಮತ್ತೆ ಮತ್ತೆ ಕೇಳಿ ಅಜ್ಜಿಯ ತಲೆ ತಿಂದಳು.

ಪ್ಯಾರಿಸ್ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಅಪ್ಪ ಕೈ ಬೀಸುತ್ತಿದ್ದ. ಅವನ ಹಿಂದೆ ಅಪೊಲಿನ್, ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಸೊಲೆನ್ ನೇರ ಅವಳ ಬಳಿಗೇ ಹೋಗಿ ಒಂದು ಮುತ್ತು ಕೊಟ್ಟಳು. ಅಪೊಲಿನ್ ತಕ್ಷಣ ಹಿಂದೆ ಸರಿದಳು.

ಸೊಲೆನ್ ಕದಲಲಿಲ್ಲ. ಇನ್ನೊಂದು ಕೆನ್ನೆ ಚಾಚಿಕೊಂಡು ನಿಂತಳು. ಯಾರದೋ ಬ್ಯಾಗು ಬಂದು ಬಡಿಯಿತು. ಆದರೂ ಅಲ್ಲಾಡಲಿಲ್ಲ. ಅಪೊಲಿನ್ ಅನುಮಾನಿಸುತ್ತಲೇ ಬಂದು ಎರಡನೆಯ ಮುತ್ತು ಕೊಟ್ಟಳು. ಸೊಲೆನ್ ಮತ್ತೆ ಮೊದಲಿನ ಕೆನ್ನೆ ಮುಂದೆ ಮಾಡಿದಳು.

“ಮತ್ತೇನು?”

“ಹೋದ ಸಲದ್ದು ಒಂದು ಬಾಕಿ ಇದೆ. ನಮ್ಮಲ್ಲಿ ಒಂದೇ ಕೊಡೋದು. ನಿಮ್ಮಲ್ಲಿ ಎರಡು ಅಂತ ನಂಗೆ ಗೊತ್ತಿರ್ಲಿಲ್ಲ.”

ಅಪೊಲಿನ್ ಅಜ್ಜಿಯ ಕಡೆ ನೋಡಿದಳು. “ಎಲ್ರಿಗೂ ಒಂದೇನಾ? ನಿಮ್ಮಜ್ಜಿಗೂ?”

“ಅಜ್ಜಿಗೂ.”

“ಹಾಗಾದ್ರೆ ನಾನು ಇಷ್ಟು ದಿನ ಸುಮ್‌ಸುಮ್ನೆ ಸಿಟ್ಟು ಮಾಡ್ಕೊಂಡಿದ್ನಾ?” ಎಂದವಳು ಬಾಕಿಯಿದ್ದದ್ದನ್ನೂ ಜೋರಾಗಿ ಕೊಟ್ಟು, ಸೂಟ್‌ಕೇಸನ್ನು ಎಳೆದುಕೊಂಡು ಹೊರಟೇಬಿಟ್ಟಳು.

ಸಂಜೆಯ ವಾಪಸ್ ರೈಲಿಗೆ ಎಷ್ಟು ಜನ ಎಂದು ಅಜ್ಜಿ ಕೇಳಿದಳು.

“ನೀನೊಬ್ಳೇ ಅಜ್ಜಿ,” ಎಂದು ಸೊಲೆನ್ ಅವಳಿಗೆ ಒಂದು ಮುತ್ತು ಕೊಟ್ಟಳು. ಎರಡನೆಯದಕ್ಕೆ ಮುಖ ಮುಂದೆ ತಂದಳು. ಅಷ್ಟರಲ್ಲಿ ಅಜ್ಜಿ, ಅಪ್ಪನಿಗೆ ಬಿಸ್ಕತ್ತಿನ ಡಬ್ಬಿ ಕೊಡಲು ಆ ಕಡೆ ತಿರುಗಿಯಾಗಿತ್ತು. ಸೊಲೆನ್‌ಳ ಮುಖ ಗಾಳಿಯಲ್ಲೇ ಉಳಿಯಿತು. ಪಕ್ಕದಲ್ಲಿ ಹೋಗುತ್ತಿದ್ದವರು ನೋಡಿದರು. ಅವಳ ಕಿವಿ ಬೆಚ್ಚಗಾಯಿತು.

ಓ, ಅವತ್ತು ಅಪೊಲಿನ್‌ಗೂ ಹೀಗೇ ಆಗಿತ್ತಾ.

“ಅಪೊಲಿನ್, ನಿಲ್ಲೇ,” ಎಂದು ಕೂಗಿ, ಸೊಲೆನ್ ಅವಳ ಹಿಂದೆ ಓಡಿದಳು. ಸೂಟ್‌ಕೇಸು ಭಾರವಿತ್ತು. ಅದರ ಹಿಡಿಯಲ್ಲಿ ಇನ್ನೊಂದು ಕೈಗೂ ಜಾಗವಿತ್ತು.