ಜೋಡಿ ಪಾಸ್

“ನಿಮ್ಮ ಯಜಮಾನ್ರೂ ದಿನಾ ಇದೇ ಟ್ರೈನಿಗೆ ಬರ್ತಾರಲ್ಲ ಮೇಡಂ, ಇಬ್ರಿಗೂ ಸೇರಿಸಿ ಜೋಡಿ ಪಾಸ್ ತಗೊಂಬಿಡಿ. ತುಂಬಾ ಕಮ್ಮಿ ಬೀಳುತ್ತೆ,” ಎಂದಳು ಟಿಕೆಟ್ ಕೌಂಟರಿನಾಕೆ.

ಸಾಲಿನ ಮುಂದೆ ನಿಂತಿದ್ದವಳು ತಬ್ಬಿಬ್ಬಾಗಿ ಹಿಂದೆ ತಿರುಗಿದಳು. ದಪ್ಪ ಕನ್ನಡಕದ ಗಂಡಸೊಬ್ಬ, ತನ್ನದೇನೂ ತಪ್ಪಿಲ್ಲ ಎಂಬಂತೆ ಕೈಯಲ್ಲಾಡಿಸಿದ.

“ಅವರ್ಯಾರೋ ನಂಗೊತ್ತಿಲ್ಲ,” ಎಂದಳು.

“ಗೊತ್ತಿಲ್ದಿದ್ರೂ ಪರವಾಗಿಲ್ಲ. ಮದುವೆ ಸರ್ಟಿಫಿಕೇಟೇನೂ ಕೇಳಲ್ಲ. ಹೋಗ್ತಾ ಬರ್ತಾ ಒಟ್ಟಿಗೆ ಕೂತಿರ್ಬೇಕು, ಅಷ್ಟೇ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. ಆದರೆ ಆ ತಿಂಗಳು ಟಿಕೆಟ್ ದರ ಏರಿತ್ತು, ಸಂಬಳ ಏರಿರಲಿಲ್ಲ. ಕೆಲಸದ ಹತ್ತಿರ ಮನೆ ಮಾಡುವುದಂತೂ ಕನಸಿನ ಮಾತು. ಅವಳ ಹಿಂದಿದ್ದವನೇ ತಗ್ಗಿದ ದನಿಯಲ್ಲಿ ಹೇಳಿದ: “ನನಗೂ ಉಳಿದ್ರೆ ಒಳ್ಳೇದೇ. ನಾನು ಮಾತು ಕಮ್ಮಿ. ನಿಮಗೆ ತೊಂದ್ರೆ ಆಗಲ್ಲ.”

ಮಾತು ಕಮ್ಮಿ ಎಂಬುದು ಶುದ್ಧ ಸುಳ್ಳೆಂದು ಜೋಡಿ ಪಾಸಿನ ಮೊದಲನೆಯ ದಿನವೇ ಗೊತ್ತಾಯಿತು. ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅಂಗಡಿಗೆ ಬಂದವರೆಲ್ಲ ಅವನ ಬಾಯಲ್ಲಿ ಟ್ರೈನ್ ಹತ್ತುತ್ತಿದ್ದರು.

“ನಿನ್ನೆ ಒಬ್ರು ತಾತ ಹೊಸ ಕನ್ನಡಕ ಹಾಕ್ಕೊಂಡು ಅಜ್ಜೀನ ನೋಡಿ, ‘ಅಯ್ಯೋ, ನೀನು ಯಾವಾಗ ಇಷ್ಟು ಮುದುಕಿ ಆದೆ’ ಅಂದ್ರು.”

“ಅಜ್ಜಿ ಸುಮ್ನಿದ್ರಾ?”

“‘ನನ್ನ ಕನ್ನಡಕದ ನಂಬರ್ ಮಾತ್ರ ಬದಲಾಯಿಸ್ಬೇಡಪ್ಪ, ಇವ್ರು ಹೀಗೇ ಚೆನ್ನಾಗಿ ಕಾಣ್ತಾರೆ’ ಅಂದ್ರು.”

ಅವಳು ನಗು ತಡೆಯಲು ಕಿಟಕಿಯ ಕಡೆ ಮುಖ ಮಾಡಿದಳು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತ, ಬರಿಗಣ್ಣಲ್ಲಿ ಅವಳತ್ತಲೇ ನೋಡುತ್ತಿದ್ದ.

“ಅದಿಲ್ದೆ ನಿಮಗೇನು ಕಾಣುತ್ತೆ?” ಎಂದಳು.

“ಎಲ್ಲಾ ಮಂಜು ಮಂಜು. ಆದ್ರೆ ನಗ್ತಿದ್ದೀರ ಅನ್ನೋದು ಮಾತ್ರ ಗೊತ್ತಾಗುತ್ತೆ.”

ಅವಳ ಕೆಲಸ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ. ಎಲ್ಲರ ಮುಖಕ್ಕೂ ಮಾಸ್ಕ್, ಇಡೀ ದಿನ ಉಜ್ಜುವ ಮೆಷಿನ್ನುಗಳ ಸದ್ದು. ಅಲ್ಲಿ ಮಾತಿಗೆ ಜಾಗವೇ ಇರಲಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲೂ ಇರಲಿಲ್ಲ. ತಟ್ಟೆಗೆ ಚಮಚ ತಾಗಿದರೂ ಬೆಚ್ಚುವಷ್ಟು ನಿಶ್ಶಬ್ದ. ಭಾನುವಾರ ಇಡೀ ಬಾಯಿ ಬಿಡದೆ ಕಳೆದು, ಸೋಮವಾರದ ಮೊದಲ ಮಾತು ಹೊರಬರುವಾಗ ಗಂಟಲು ಕಟ್ಟಿರುತ್ತಿತ್ತು.

“ಶೀತ ಆಗಿದ್ಯಾ?” ಎಂದು ಅವನು ಕೇಳುತ್ತಿದ್ದ.

“ಹೂಂ,” ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಟ್ರೈನ್ ಹೊರಡುವ ಹೊತ್ತಾದರೂ ಅವನು ಬಂದಿರಲಿಲ್ಲ. ಬಾಗಿಲಲ್ಲಿ ನಿಂತವಳಿಗೆ, ಪ್ಲಾಟ್‌ಫಾರ್ಮಿನ ತುದಿಯಿಂದ ಅವನು ಎದ್ದುಬಿದ್ದು ಓಡಿ ಬರುವುದು ಕಂಡಿತು. ಅಂಗಿಯ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿದ್ದವು. “ಬನ್ನಿ! ಬೇಗ ಬನ್ನಿ!” ಎಂದು ಕೂಗಿಯೇಬಿಟ್ಟಳು. ಅವನು ಹತ್ತಿ ಏದುಸಿರು ಬಿಡುತ್ತ ಕುಳಿತ ಮೇಲೂ ಅವಳ ಎದೆ ಡವಗುಟ್ಟುತ್ತಲೇ ಇತ್ತು. ಯಾರನ್ನಾದರೂ ಹೀಗೆ ಕೂಗಿ ಕರೆದು ಎಷ್ಟು ಕಾಲವಾಗಿತ್ತೋ!

ಚಳಿ ಶುರುವಾಗುವ ಹೊತ್ತಿಗೆ ಅವನೊಂದು ಸುದ್ದಿ ತಂದ.

“ಅಂಗಡಿ ಮೇಲಿನ ರೂಮ್ ನನಗೇ ಕೊಡ್ತಾರಂತೆ. ಬಾಡಿಗೆ ಇಲ್ಲ. ಮುಂದಿನ ತಿಂಗಳಿಂದ ನಾನು ಟ್ರೈನ್ ಹತ್ತೋದೇ ಬೇಡ.” ಹೇಳಿ ಅವಳ ಮುಖವನ್ನೇ ನೋಡಿದ.

ಅವಳು ಬ್ಯಾಗಿನ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು. “ಒಳ್ಳೇದಾಯ್ತಲ್ಲ. ನಿಮಗೆ ಪೂರ್ತಿ ದುಡ್ಡೇ ಉಳೀತು.”

“ಹೌದು,” ಎಂದ ಅವನು. “ಉಳೀತು.”

ಆ ದಿನ ಕನ್ನಡಕದ ಅಂಗಡಿಗೆ ಬಂದ ಯಾರ ಸುದ್ದಿಯೂ ಬರಲಿಲ್ಲ.

ತಿಂಗಳು ಮುಗಿದು ಅವನು ಆ ರೂಮಿಗೆ ಹೋದ. ಒಂಟಿ ಪಾಸು ದುಬಾರಿ. ಅವಳು ನಸುಕಿನ ಅಗ್ಗದ ಟ್ರೈನಿಗೆ ಹೋಗತೊಡಗಿದಳು. ತೂಕಡಿಸುವ ಮುಖಗಳು, ತಣ್ಣಗಿನ ಸೀಟು. ಲ್ಯಾಬಿನ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಮುದುಡಿ ಕೂರುತ್ತಿದ್ದಳು. ಕೆಲಸದ ಮಧ್ಯೆ ಏನಾದರೂ ತಮಾಷೆ ಕಂಡರೆ ಅವನಿಗೆ ಹೇಳಬೇಕೆನಿಸುತ್ತಿತ್ತು. ಹೇಳಲಾಗದೆಂದು ನೆನಪಾಗುವಷ್ಟರಲ್ಲಿ ತುಟಿ ಆಗಲೇ ಅರಳಿರುತ್ತಿತ್ತು. ಮಾಸ್ಕಿನೊಳಗೇ ಅದು ಬಾಡುತ್ತಿತ್ತು.

ಹೀಗಿರುವಾಗ ಒಂದು ದಿನ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಪಕ್ಕದ ಖಾಲಿ ಸೀಟು ತೋರಿಸಿ, “ಇಲ್ಲಿ ಯಾರಾದ್ರೂ ಬರ್ತಾರಾ ಅಕ್ಕಾ?” ಎಂದಳು.

“ಹೂಂ, ಬರ್ತಾರೆ.”

ಮಾತು ಬಾಯಿಂದ ಜಾರಿತ್ತು. ಆ ಹೆಂಗಸು ಮುಂದೆ ಹೋಗುವಷ್ಟರಲ್ಲಿ ಅವಳು ಗಾಬರಿಯಿಂದ ಎದ್ದು, “ಇಲ್ಲ, ಕೂತ್ಕೊಳ್ಳಿ, ಯಾರೂ ಬರಲ್ಲ,” ಎಂದಳು. ‘ಯಾರೂ ಬರಲ್ಲ’ ಎಂದದ್ದು ತನ್ನ ಕಿವಿಗೇ ಬಿದ್ದಾಗ ಕಣ್ಣು ತುಂಬಿ ಬಂತು.

ಅಂದು ಸಂಜೆ ಅವಳು ಸ್ಟೇಷನ್ನಿನ ದಾರಿ ಬಿಟ್ಟು, ಅವನ ಕನ್ನಡಕದ ಅಂಗಡಿ ಹುಡುಕಿಕೊಂಡು ಹೋಗಿ ಗಾಜಿನ ಬಾಗಿಲು ತಳ್ಳಿದಳು. ಅವಳನ್ನು ಕಂಡವನ ಕೈಯಿಂದ ಫ್ರೇಮುಗಳ ತಟ್ಟೆಯೇ ಜಾರಿತು.

“ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು,” ಎಂದಳು, ಎಲ್ಲೋ ನೋಡುತ್ತ.

ಅವನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರಿನ ಬೋರ್ಡಿಗೆ ಬೆಳಕು ಹಾಕಿದ. ಅವಳು ದೊಡ್ಡಕ್ಷರದಿಂದ ಹಿಡಿದು ಕಟ್ಟಕಡೆಯ ಸಾಸಿವೆಯಂಥ ಅಕ್ಷರದವರೆಗೂ ತಡವರಿಸದೆ ಓದಿದಳು.

“ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.”

“ಗೊತ್ತು.”

“ಮತ್ತೆ?”

“ಟ್ರೈನಲ್ಲಿ ಒಬ್ರು, ಪಕ್ಕದಲ್ಲಿ ಯಾರಾದ್ರೂ ಬರ್ತಾರಾ ಅಂದ್ರು. ಬರ್ತಾರೆ ಅಂದ್ಬಿಟ್ಟೆ.” ಅವಳು ಬೋರ್ಡಿನಿಂದ ಕಣ್ಣು ತೆಗೆದು ಅವನನ್ನೇ ನೋಡಿದಳು. “ನೀವಿಲ್ದೆ ಆಗ್ತಿಲ್ಲ ನನಗೆ. ಅಷ್ಟು ಹೇಳೋಣ ಅಂತ ಬಂದೆ.”

ಅವನು ಬಿದ್ದ ಫ್ರೇಮೊಂದನ್ನು ಎತ್ತಿ ಸುಮ್ಮನೆ ಮಡಚಿದ, ಬಿಡಿಸಿದ.

“ರೂಮಿನ ವಿಷಯ ಹೇಳಿದ ದಿನ, ನೀವು ಬೇಡ ಅಂದ್ರೆ ಬಿಟ್ಬಿಡೋಣ ಅಂತಿದ್ದೆ.”

“ಬೇಡ ಅನ್ನೋಕೆ ನಾನ್ಯಾರು?”

“ನಾನೂ ಹಾಗೇ ಅಂದ್ಕೊಂಡೆ. ನೀವು ಬಂದಿದ್ದು ನಾಲ್ಕು ಕಾಸು ಉಳಿಸೋಕೆ. ಅದನ್ನೇ ನೆಪ ಮಾಡ್ಕೊಂಡು ಬೇರೆ ಮಾತು ಎತ್ತಿದ್ರೆ, ಮಾರನೇ ದಿನ ನನ್ನ ಪಕ್ಕ ಕೂರೋದೇ ನಿಮಗೆ ಹಿಂಸೆ ಆಗಿರೋದು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.”

“ನೀವಾ? ಬಾಯಿ ಮುಚ್ಕೊಂಡಿದ್ರಾ?”

ಇಬ್ಬರಿಗೂ ನಗು ಬಂತು. ಅವಳಿಗೆ ನಗುವಿನ ಜೊತೆಗೇ ಅಳುವೂ ಬಂತು. ಅವನು ಸ್ಟೂಲ್ ಎಳೆದುಕೊಂಡು ಹತ್ತಿರ ಕುಳಿತು, ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. ದೂರದಲ್ಲಿ ಸಂಜೆಯ ಟ್ರೈನ್ ಕೂಗಿತು.

“ನಿಮ್ಮ ಟ್ರೈನು,” ಎಂದ.

“ಹೋಗ್ಲಿ ಬಿಡಿ.”

“ಇಷ್ಟು ದಿನ ಬರೀ ನಾನೇ ಮಾತಾಡ್ದೆ. ನಿಮ್ಮ ಬಗ್ಗೆ ಏನೂ ಕೇಳ್ಲೇ ಇಲ್ಲ. ಮನೇಲಿ ಯಾರ್ಯಾರಿದ್ದಾರೆ?”

“ಈಗ ಯಾರೂ ಇಲ್ಲ. ಅಮ್ಮ ಇದ್ರು.” ಅವಳು ಉಸಿರೆಳೆದುಕೊಂಡಳು. “ಹೇಳ್ತೀನಿ. ಆದ್ರೆ ತುಂಬಾ ಹೊತ್ತು ಹಿಡಿಯುತ್ತೆ.”

ಅವನು ಎದ್ದು ಹೋಗಿ, ಬಾಗಿಲ ಮೇಲಿನ ಅಂಗಡಿಯ ಬೋರ್ಡಿನ ದೀಪ ಆರಿಸಿ, ಮತ್ತೆ ಬಂದು ಕುಳಿತ.