ಹಿತ್ತಲಲ್ಲಿ ಕುಸಿದ ಗಾಡಿ

ಗಾಡಿಯ ಕೆಳಗಿನಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು.

ಅಕ್ಬರಿ ಬೇಗಂ ಮಗನನ್ನು ಊಟಕ್ಕೆ ಕರೆಯಲು ಹಿತ್ತಲಿಗೆ ಬಂದಿದ್ದರು. ಮಗ ಮುಜಾಮಿಲ್ ಬೆಳಗ್ಗೆಯಿಂದ ಅಲ್ಲೇ ತನ್ನ ಕಾರಿನಡಿ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದ. ಎರಡು ಸಲ ಕೂಗಿದರು. ಪಾದ ಅಲುಗಲಿಲ್ಲ. ಬಗ್ಗಿ ನೋಡಿದರು — ಗಾಡಿಯ ಹಿಂಭಾಗ ಅವನ ಎದೆಯ ಮೇಲೆ ಕೂತಿತ್ತು.

ಆಕೆಯ ಚೀರಾಟಕ್ಕೆ ಬೀದಿಯೇ ಓಡಿ ಬಂತು. ಜುಮ್ಮಾ ನಮಾಜ್ ಮುಗಿಸಿ ಬರುತ್ತಿದ್ದ ಗಂಡಸರು ತಲೆಯ ಟೋಪಿಯನ್ನೂ ತೆಗೆಯದೆ ಗಾಡಿಗೆ ಹೆಗಲು ಕೊಟ್ಟು ಎತ್ತಿದರು. ಮುಜಾಮಿಲ್‌ನನ್ನು ಎಳೆದು, ಅವನ ಹೆಂಡತಿ ಸಾನಾಳ ಅಣ್ಣ ಆಫ್ತಾಬ್‌ನ ಲಗೇಜ್ ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ಉಸಿರಿತ್ತು. ಅಷ್ಟೇ.

ನಾನು ಬೋರಲಿಂಗಯ್ಯ, ರಾಮನಗರದ ಠಾಣೆಯೊಂದರಲ್ಲಿ ಹೆಡ್ ಕಾನ್ಸ್‌ಟೇಬಲ್. ನಮ್ಮ ಸಬ್ ಇನ್‌ಸ್ಪೆಕ್ಟರ್ ಭಾನುಪ್ರಿಯ ಮೇಡಂ ಜೊತೆ ನಾನು ಅಲ್ಲಿಗೆ ತಲುಪಿದಾಗ ಹಿತ್ತಲು ಖಾಲಿಯಾಗಿತ್ತು. ಮುಂದೆ ಮನೆ, ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡು. ಮುಜಾಮಿಲ್ ಮತ್ತು ಅವನ ಅಣ್ಣ ಮೆಹಬೂಬ್ ನಡೆಸುವುದು. ಶುಕ್ರವಾರವಾದ್ದರಿಂದ ಶೆಡ್ಡಿಗೆ ಬೀಗ.

ಗಾಡಿ ಒಂದು ಕಡೆಗೆ ವಾಲಿ ನಿಂತಿತ್ತು. ಹಿಂದಿನ ಒಂದು ಚಕ್ರ ಬಿಚ್ಚಿ ಗೋಡೆಗೆ ಒರಗಿಸಿತ್ತು. ಮುಂದಿನ ಚಕ್ರಗಳು ಉರುಳದಂತೆ ಅಡ್ಡ ಕೊಟ್ಟ ಸೈಜುಗಲ್ಲು. ನೆಲದಲ್ಲಿ ಸ್ಪ್ಯಾನರ್‌ಗಳು, ತುಕ್ಕು ಬಿಡಿಸುವ ಸ್ಪ್ರೇ, ಗರಗಸದಲ್ಲಿ ಕತ್ತರಿಸಿದ ಹಳೆಯ ಬೋಲ್ಟುಗಳು, ಹೊಸ ಸೈಲೆನ್ಸರ್ ಬಂದಿದ್ದ ಉದ್ದನೆಯ ಖಾಲಿ ರಟ್ಟಿನ ಡಬ್ಬ. ಗಾಡಿಯ ಹೊಟ್ಟೆಯಡಿ ಫಳಫಳ ಹೊಳೆಯುವ ಸ್ಟೀಲ್ ಕೊಳವೆ. ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಕೊನೆಯ ಕ್ಲಾಂಪ್ ಒಂದೇ ಸಡಿಲ.

"ಆಕ್ಸಿಡೆಂಟೇ ಮೇಡಂ," ಎಂದೆ. "ಜ್ಯಾಕ್ ಜಾರ್ಬುಟ್ಟೈತೆ. ಈ ಹುಡುಗ್ರು ಗ್ಯಾರೇಜಿಗೆ ಹೋಗದೆ ಮನೇಲೇ ಇಂಥ ಕೆಲ್ಸ ಮಾಡ್ತವೆ."

ಮೇಡಂ ಮಣ್ಣಿನ ಮೇಲೆ ಅಂಗಾತ ಮಲಗಿ ಗಾಡಿಯಡಿ ಇಣುಕಿದರು. ಖಾಕಿಗೆ ಗ್ರೀಸ್ ಮೆತ್ತಿತು. ಲೆಕ್ಕಿಸಲಿಲ್ಲ.

"ಜ್ಯಾಕ್ ಜಾರಿದ್ದರೆ ಮಗುಚಿ ಬೀಳಬೇಕಿತ್ತು. ಇದು ನೆಟ್ಟಗೆ ನಿಂತಿದೆ ಬೋರಲಿಂಗಯ್ಯನವರೇ. ನಿಂತಲ್ಲೇ ಕುಗ್ಗಿದೆ. ಅದು ಅಷ್ಟು ಎತ್ತರದಲ್ಲಿ ತಡೆದದ್ದರಿಂದಲೇ ಇವನ ಪ್ರಾಣ ಉಳಿದಿರೋದು."

"ಜ್ಯಾಕಿನ ಆಯಿಲ್ ಸೋರಿರ್ಬೋದು?"

"ನೋಡೇಬಿಡೋಣ. ಆ ರಾಡ್ ಕೊಡಿ."

ಜ್ಯಾಕಿನ ರಾಡ್ ಗಾಡಿಯಿಂದ ದೂರ, ಬಚ್ಚಲ ಗೋಡೆಯ ಬಳಿ ಬಿದ್ದಿತ್ತು. ಮೇಡಂ ಅದರ ತುದಿಯಿಂದ ಜ್ಯಾಕಿನ ಬುಡದ ಸ್ಕ್ರೂ ಮುಟ್ಟಿದರು — ಗಾಡಿ ಇಳಿಸಲು ತಿರುಗಿಸುವ ಸ್ಕ್ರೂ. ಪೂರ್ತಿ ಬಿಚ್ಚಿಕೊಂಡಿತ್ತು. ಅದನ್ನು ಬಿಗಿದು ನನಗೆ ಒತ್ತಲು ಹೇಳಿದರು. ಒತ್ತಿದೆ. ಗಾಡಿ ಎದ್ದಿತು. ಕಾದೆವು. ಅಕ್ಬರಿ ಬೇಗಂ ಅಳುತ್ತಲೇ ಯಾರ ಕೈಯಲ್ಲೋ ಕಳಿಸಿದ ಟೀ ಆರಿತು. ಗಾಡಿ ಒಂದಿಷ್ಟೂ ಇಳಿಯಲಿಲ್ಲ.

"ಈ ಸ್ಕ್ರೂ ತಾನಾಗಿ ಬಿಚ್ಚಲ್ಲ," ಮೇಡಂ ಸಣ್ಣ ದನಿಯಲ್ಲಿ ಹೇಳಿದರು. "ಕೆಳಗೆ ಮಲಗಿದವನು ತಾನೇ ಬಿಚ್ಚಿ, ರಾಡನ್ನು ಅಷ್ಟು ದೂರ ಎಸೆಯೋದೂ ಇಲ್ಲ."

ಹಾಗಾದರೆ — ಹಾಡಹಗಲೇ ಯಾರೋ ಇಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಳಗಿನವನು ಉಸಿರಾಡುವುದು ಕೇಳಿಸುವಷ್ಟು ಹತ್ತಿರ ಕೂತು—

ಮೊದಲು ಮೆಹಬೂಬ್‌ನನ್ನು ಕರೆದೆವು. ಗಡ್ಡದಲ್ಲಿ ಆಗಲೇ ಬಿಳಿ ಇಣುಕಿದ್ದ ಮನುಷ್ಯ.

"ಬೆಳಗ್ಗೆ ತಮ್ಮನ ಜೊತೆ ಜಗಳ ಆಡಿದ್ರಂತೆ?"

"ಆಡಿದೆ ಮೇಡಂ. ಆ ಸೈಲೆನ್ಸರ್ ಹಾಕಿದ್ರೆ ಬೀದಿ ಪೂರಾ ನಡುಗುತ್ತೆ. ವಯಸ್ಸಾದವರಿದ್ದಾರೆ, ಹಸುಗೂಸುಗಳಿವೆ. ಬೇಡ ಅಂದೆ. ಕೇಳಲಿಲ್ಲ. ಅದರಡೀಲೇ ಸಾಯಿ ಅಂದೆ. ನನ್ನ ಬಾಯಲ್ಲಿ ಬಂತು ಆ ಮಾತು."

"ನಮಾಜಿಗೆ ಅವನು ಯಾಕೆ ಬರಲಿಲ್ಲ?"

"ಕರೆದೆ. ಮೈಯೆಲ್ಲ ಗ್ರೀಸು, ನೀವು ನಡೀರಿ ಅಂದ. ನಾನು ಹೋಗಿ ಮೊದಲ ಸಾಲಲ್ಲಿ ನಿಂತಿದ್ದೆ. ಇಮಾಮ್ ಸಾಹೇಬರನ್ನೇ ಕೇಳಿ."

"ಹೋಗುವಾಗ ಹಿತ್ತಲಲ್ಲಿ ಇನ್ಯಾರಿದ್ದರು?"

"ಮನೋಹರ್ ಇದ್ದ. ಇವನ ಸ್ನೇಹಿತ. ರೇಷ್ಮೆ ಗೂಡು ತರೋ ರೈತ."

ಮನೋಹರ್ ಕನಕಪುರದ ಕಡೆಯ ದೊಡ್ಡಆಲಹಳ್ಳಿಯವನು. ಸುದ್ದಿ ಕೇಳಿ ಬೈಕಿನಲ್ಲಿ ಆಗಷ್ಟೇ ವಾಪಸ್ ಬಂದಿದ್ದ. ಉಗುರುಗಳಲ್ಲಿ ಇನ್ನೂ ಕಪ್ಪು ಗ್ರೀಸ್.

"ಕೆಲಸ ಅರ್ಧಕ್ಕೇ ಬಿಟ್ಟು ಯಾಕೆ ಹೋದೆ?"

"ನಮ್ಮ ತ್ವಾಟದಾಗೆ ಸೊಪ್ಪು ಬಿಡಿಸ್ತಿದ್ದ ಹೊಂಬಮ್ಮನ ತಿಥಿ ಇತ್ತು ಮೇಡಂ. ಹೋಗ್ಲೇಬೇಕಿತ್ತು. ಪಾಪ, ಸಂಜೆ ರಸ್ತೆ ದಾಟ್ತಿದ್ದವಳಿಗೆ ಯಾವನೋ ಗಾಡಿ ಗುದ್ದಿ, ಒಸಿ ದೂರ ಎಳ್ಕೊಂಡೂ ಹೋಗಿ, ನಿಲ್ಲಿಸ್ದೆ ಹೊಂಟೋದ. ಇನ್ನೂ ಸಿಕ್ಕಿಲ್ಲ ನನ್ಮಗ."

"ನೀನು ಹೊರಟಾಗ ಇಲ್ಲಿ ಏನೇನಿತ್ತು? ಕಣ್ಣು ಮುಚ್ಚಿಕೊಂಡು ಹೇಳು."

ಅವನು ನಿಜವಾಗಿಯೂ ಕಣ್ಣು ಮುಚ್ಚಿದ. "ಹಳೇ ಸೈಲೆನ್ಸರ್ ಬಿಚ್ಚಿ ಆ ಗ್ವಾಡೆ ಪಕ್ಕ ಒರಗ್ಸಿದ್ವಿ. ಹೊಸದನ್ನ ರಬ್ಬರ್ ಕೊಕ್ಕೆಗೆ ನೇತಾಕಿ ಕೊಟ್ಟೆ. ಮಿಕ್ಕಿದ್ದು ಬರೀ ಬಿಗಿಯೋದು. 'ನೀ ಹೋಗ್ಲಾ, ನಾ ನೋಡ್ಕೊತೀನಿ' ಅಂದ. ಹಳೇದ್ರ ಮ್ಯಾಲೆ ಏನೋ ಕರಗಿ ಅಂಟ್ಕೊಂಡೈತೆ, ಪ್ಲಾಸ್ಟಿಕ್ಕೋ ಏನೋ, ಆಮೇಲೆ ಕೆರೆದು ನೋಡ್ತೀನಿ ಅಂತಿದ್ದ."

ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ. ಮೆಹಬೂಬ್ ಕಡೆ ತಿರುಗಿದರು.

"ಈ ಗಾಡಿಯನ್ನು ಇತ್ತೀಚೆಗೆ ಬೇರೆಯವರಿಗೆ ಕೊಟ್ಟಿದ್ರಾ?"

"ಬೇರೆಯವರಿಗೆ ಅಂದ್ರೆ — ಆಫ್ತಾಬ್ ತಗೊಂಡು ಹೋಗಿದ್ದ. ಕನಕಪುರದ ಕಡೆ ಹೆಣ್ಣು ನೋಡೋಕೆ. ಮಾರನೇ ದಿನ ತೊಳೆದು ತಂದುಕೊಟ್ಟ. ಒಳ್ಳೆ ಹುಡುಗ."

"ಎಂದು?"

ಮೆಹಬೂಬ್ ಯೋಚಿಸಿ ಹೇಳಿದ. ಮನೋಹರ್ ತಟ್ಟನೆ ತಲೆಯೆತ್ತಿದ. "ಹೊಂಬಮ್ಮಂಗೆ ಗಾಡಿ ಗುದ್ದಿದ್ದೂ ಅವತ್ತೇ," ಎಂದ.

"ಆಫ್ತಾಬ್ ಈಗ ಎಲ್ಲಿ?"

"ಆಸ್ಪತ್ರೆಯಲ್ಲೇ ಮೇಡಂ. ಐಸಿಯು ಒಳಗೆ ಒಬ್ಬರನ್ನೇ ಬಿಡೋದು. ಸಾನಾ ಕುಸಿದು ಹೋಗಿದ್ದಾಳೆ ಅಂತ ಅವನೇ ಪಕ್ಕದಲ್ಲಿ ಕೂತಿದ್ದಾನೆ. ಸಂಜೆಯೊಳಗೆ ಎಚ್ಚರ ಬರಬಹುದು ಅಂದಿದ್ದಾರೆ ಡಾಕ್ಟರ್—"

ಮೇಡಂ ಮಾತು ಮುಗಿಯಲು ಬಿಡಲಿಲ್ಲ. "ಜೀಪ್ ತೆಗೀರಿ!"

ಮೈಸೂರು ರಸ್ತೆಗೆ ಬರುವವರೆಗೂ ಅವರು ಫೋನ್ ಕಿವಿಯಿಂದ ಇಳಿಸಲಿಲ್ಲ. ಆಸ್ಪತ್ರೆಯ ನಂಬರ್ ಹತ್ತಲಿಲ್ಲ. ಮತ್ತೆ ಒತ್ತಿದರು. ಲೈನ್ ಬಿಜಿ. ಮುಂದೆ ಬಸ್ಸೊಂದು ಅಡ್ಡ ನಿಂತಿತ್ತು. ನಾನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

"ಪಕ್ಕಕ್ಕೆ ಹತ್ತಿಸಿ," ಎಂದರು. ಹತ್ತಿಸಿದೆ.

ಐಸಿಯು ಬಾಗಿಲಿಗೆ ಓಡಿದೆವು. ನರ್ಸ್ ತಡೆದಳು. ಮೇಡಂ ಆಕೆಯನ್ನು ಸರಿಸಿ ಒಳಗೆ ಹೋದರು. ಪರದೆಯ ಆಚೆ ಆಫ್ತಾಬ್ ಹಾಸಿಗೆಗೆ ಬಾಗಿ ನಿಂತಿದ್ದ. ಅವನ ಬಲಗೈ ಮುಜಾಮಿಲ್ ಮುಖದ ಆಮ್ಲಜನಕದ ಮಾಸ್ಕ್ ಮೇಲಿತ್ತು.

"ಕೈ ತೆಗಿ!"

ಅವನು ಬೆಚ್ಚಿ ಹಿಂದೆ ಸರಿದ. "ಸರಿ ಮಾಡ್ತಿದ್ದೆ ಮೇಡಂ. ಜಾರಿತ್ತು."

ಸರಿ ಮಾಡುತ್ತಿದ್ದನೋ, ತೆಗೆಯುತ್ತಿದ್ದನೋ — ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಮುಜಾಮಿಲ್ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ನರ್ಸ್ ಬಂದು ಪಕ್ಕದಲ್ಲಿ ನಿಂತಳು. ಆಫ್ತಾಬ್‌ನನ್ನು ಹೊರಗೆ ತಂದೆವು.

ಹೊರಗೆ ಬೆಂಚಿನ ಮೇಲೆ ಸಾನಾ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು. ನಮ್ಮನ್ನು ಕಂಡು ಎದ್ದು ನಿಂತಳು.

"ಕೂತ್ಕೊಳ್ಳಿ ಆಫ್ತಾಬ್," ಮೇಡಂ ದನಿ ಈಗ ಮೆತ್ತಗಿತ್ತು. "ನಾಲ್ಕು ಮಾತು ಅಷ್ಟೇ. ಬೆಳಗ್ಗೆಯಿಂದ ಎಲ್ಲಿದ್ರಿ?"

"ಗೂಡಿನ ಮಾರ್ಕೆಟ್ಟಲ್ಲಿ. ಬಾಡಿಗೆ ಇತ್ತು. ಅಲ್ಲಿಂದ ಸೀದಾ ಮಸೀದಿಗೆ."

"ಹಿತ್ತಲಿಗೆ ಹೋಗಿದ್ರಾ?"

"ಇಲ್ಲ. ಅಕ್ಬರಿ ಅಮ್ಮಿ ಕಿರುಚಿದ ಮೇಲೆ ಎಲ್ಲರ ಜೊತೆ ಓಡಿದೆ."

"ಮುಜಾಮಿಲ್ ಜೊತೆ ಫೋನಲ್ಲಿ ಮಾತು?"

"ನಿನ್ನೆಯಿಂದ ಮಾತೇ ಆಡಿಲ್ಲ ಮೇಡಂ. ಅಲ್ಲಾ ಕಸಂ."

"ಒಂದು ಅರ್ಥ ಆಗ್ತಿಲ್ಲ. ಹಳೆ ಸೈಲೆನ್ಸರ್ ಏನಾಯ್ತು?"

"ಅದಾ? ಗುಜರಿಯವನಿಗೆ ಕೊಟ್ಟುಬಿಟ್ಟನಂತೆ."

"ಯಾರು ಹೇಳಿದ್ದು?"

"ಸಾನಾ ಹೇಳಿದ್ಲು."

ಸಾನಾ ಅಣ್ಣನನ್ನೇ ನೋಡಿದಳು. "ನಾನಾ? ನಾನು ಬೆಳಗ್ಗೆಯಿಂದ ಹಿತ್ತಲಿಗೇ ಹೋಗಿಲ್ಲ ಭಾಯಿಜಾನ್."

ಮೇಡಂ ಕೈ ಚಾಚಿದರು. "ಆಟೋ ಕೀ."

ಅವನನ್ನೂ ಜೊತೆಗೆ ಕರೆದುಕೊಂಡು ಕೆಳಗಿಳಿದೆವು. ಅವನ ಲಗೇಜ್ ಆಟೋ ಆಸ್ಪತ್ರೆಯ ಗೇಟಿನ ಬಳಿಯೇ ನಿಂತಿತ್ತು. ಹಿಂದೆ ಒಂದು ಬದಿಯಲ್ಲಿ ಗೋಣಿಚೀಲಗಳು — ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುಗಳ ಚೀಲ. ರಾಮನಗರದಲ್ಲಿ ಹುಟ್ಟಿ ಬೆಳೆದ ನಾನೇ ಮೂಗು ಮುಚ್ಚಿಕೊಂಡೆ. ಒಂದೊಂದೇ ಚೀಲ ಎಳೆದು ಹಾಕಿದೆ. ಎಲ್ಲಕ್ಕಿಂತ ಕೆಳಗೆ, ತುಕ್ಕು ಹಿಡಿದ ಉದ್ದನೆಯ ಕೊಳವೆ. ಕೊಕ್ಕೆಯ ಬಳಿ ಕರಗಿ ಗಟ್ಟಿಯಾದ ಹಸಿರು ಬಟ್ಟೆ. ಅಂಚಿನಲ್ಲಿ ಇನ್ನೂ ಕೆಂಪು ಬಾರ್ಡರ್.

ಮುಜಾಮಿಲ್‌ನನ್ನು ಇದೇ ಆಟೋದಲ್ಲಿ, ಈ ಚೀಲಗಳ ಪಕ್ಕದಲ್ಲೇ ಮಲಗಿಸಿ ತಂದಿದ್ದರು.

ಆ ಕೊಳವೆ ಹಿಡಿದುಕೊಂಡು ಮತ್ತೆ ಮೇಲೆ ಬಂದೆವು. ಮೆಹಬೂಬ್, ಮನೋಹರ್ ಕೂಡ ಅಷ್ಟು ಹೊತ್ತಿಗೆ ಬಂದು ನಿಂತಿದ್ದರು. ಮೇಡಂ ಎಲ್ಲರ ಎದುರಿಗೇ ಹೇಳಿದರು.

"ಹಿತ್ತಲಲ್ಲಿ ನಾವೆಲ್ಲ ಇದ್ದದ್ದನ್ನೇ ನೋಡಿದ್ವಿ. ಹೊಸ ಸೈಲೆನ್ಸರ್, ಅದರ ಡಬ್ಬ, ಕತ್ತರಿಸಿದ ಬೋಲ್ಟು. ಇಲ್ಲದ್ದನ್ನು ಯಾರೂ ನೋಡಲಿಲ್ಲ. ಹೊಸದು ಒಳಗೆ ಹೋಗಿದೆ ಅಂದ್ರೆ ಹಳೆಯದು ಹೊರಗೆ ಬಿದ್ದಿರಬೇಕು. ಮನೋಹರ್ ಹೋಗುವಾಗ ಗೋಡೆಗೆ ಒರಗಿತ್ತು. ನಾವು ಬಂದಾಗ ಇಲ್ಲ. ತುಕ್ಕು ತಿಂದ ಕೊಳವೆಗೋಸ್ಕರ ಯಾರೂ ಮನುಷ್ಯನ ಮೇಲೆ ಗಾಡಿ ಇಳಿಸಲ್ಲ. ಅಂದ್ರೆ ಅದಕ್ಕೆ ಅಂಟಿದ್ದು ಬೇಕಾಗಿತ್ತು."

"ನಮ್ ಹೊಂಬಮ್ಮನ ಸೀರೆ," ಎಂದ ಮನೋಹರ್.

"ಗಾಡಿ ಆಕೆಯನ್ನು ಎಳೆದುಕೊಂಡು ಹೋದಾಗ ಸೀರೆಯ ಅಂಚು ಕೊಕ್ಕೆಗೆ ಸಿಕ್ಕಿ, ಬಿಸಿ ಕೊಳವೆಗೆ ಕರಗಿ ಅಂಟಿತು. ಹೊರಗಿನಿಂದ ಎಷ್ಟು ತೊಳೆದರೂ ಅದು ಕಾಣಲ್ಲ. ಬಿಚ್ಚಿದವನಿಗೆ ಮಾತ್ರ ಕಾಣುತ್ತೆ. ಮನೋಹರ್ ಹೋದ ಮೇಲೆ ಮುಜಾಮಿಲ್ ಕೆರೆದು ನೋಡಿದ. ಅದು ಪ್ಲಾಸ್ಟಿಕ್ ಅಲ್ಲ. ಆ ದಿನ ಗಾಡಿ ಯಾರ ಕೈಯಲ್ಲಿತ್ತು ಅನ್ನೋದು ಅವನಿಗೆ ಗೊತ್ತಿತ್ತು. ಆಮೇಲೆ ಆಫ್ತಾಬ್ ಬಂದ. ಬೀದಿಯ ಗಂಡಸರೆಲ್ಲ ಮಸೀದಿಯಲ್ಲಿದ್ದರು. ಏನು ಮಾತಾಯ್ತು ಅನ್ನೋದನ್ನು ನೀವೇ ಹೇಳಬೇಕು ಆಫ್ತಾಬ್. ಸ್ಕ್ರೂ ತಿರುಗಿಸಿದ್ದು ನೀವೇ."

ಆಫ್ತಾಬ್ ನೆಲ ನೋಡುತ್ತಿದ್ದ.

"ಫೋನ್ ಮಾಡಿ ಅವನೇ ಕರೆಸಿದ. ನನ್ನ ಮದುವೆ ಗೊತ್ತಾಗಿದೆ, ಬಿಟ್ಟುಬಿಡು ಅಂತ ಕಾಲು ಹಿಡಿದೆ. 'ಈ ಕ್ಲಾಂಪ್ ಬಿಗಿದು ಬತ್ತೀನಿ, ಇಬ್ರೂ ಠಾಣೆಗೆ ಹೋಗೋಣ, ನಾನು ಜೊತೇಲಿರ್ತೀನಿ' ಅಂದ. ಅಷ್ಟು ಹೇಳಿ ಮತ್ತೆ ಕೆಳಗೆ ಸರಿದುಕೊಂಡ. ನನ್ನ ಮೇಲೆ ಅಷ್ಟು ನಂಬಿಕೆ ಅವನಿಗೆ."

ಮೆಹಬೂಬ್ ಗೋಡೆಗೆ ಹಣೆ ಒತ್ತಿಕೊಂಡ.

ಸಾನಾ ಅಳುವುದನ್ನು ನಿಲ್ಲಿಸಿದ್ದಳು. ಅಣ್ಣನ ಎದುರಿಗೆ ಬಂದು ನಿಂತಳು.

"ಆ ಹೆಂಗಸಿಗೆ ಗುದ್ದಿದಾಗ ಗಾಡಿ ನಿಲ್ಲಿಸಿದ್ರಾ?"

"ನಿಲ್ಲಿಸಿದೆ. ಒಸಿ ಮುಂದೆ ಹೋಗಿ."

"ಇಳಿದ್ರಾ?"

"ಇಳಿದೆ."

"ಜೀವ ಇತ್ತಾ?"

ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. "ನೀರು ಕೇಳಿದ್ಲು, ಸಾನಾ."

ಆಗ ಐಸಿಯು ಬಾಗಿಲು ತೆರೆಯಿತು. "ಮುಜಾಮಿಲ್ ಕಡೆಯವರು ಯಾರು?" ನರ್ಸ್ ಕೇಳಿದಳು. "ಕಣ್ಣು ಬಿಟ್ಟಿದ್ದಾರೆ. ಒಬ್ಬರು ಬನ್ನಿ."

ಆಫ್ತಾಬ್ ಥಟ್ಟನೆ ಎದ್ದ. ನಾನು ಅವನ ತೋಳು ಹಿಡಿದೆ. ಸಾನಾ ಅವನ ಪಕ್ಕದಲ್ಲೇ ಹಾದು ಒಳಗೆ ಹೋದಳು, ಒಮ್ಮೆಯೂ ತಿರುಗಿ ನೋಡದೆ.